ಕಣ್ಣು ಸರಿ ಇತ್ತು, ಆದರೆ ಏನೂ ಕಾಣುತ್ತಿರಲಿಲ್ಲ

“ಲೈಟ್ ಯಾಕೆ ಆರಿಸಿದ್ದೀರಿ ಡಾಕ್ಟ್ರೇ?” ಅಂದರು ಪೇಷೆಂಟ್ ಅಮ್ಮ. ಬೆಳಗ್ಗೆ ಎಂಟು ಗಂಟೆ, ಐಸಿಯು ಕಿಟಕಿಯ ಬಿಸಿಲು ನೇರ ಅವರ ಹೊದಿಕೆ ಮೇಲೇ ಬಿದ್ದಿತ್ತು.

ಹಿಂದಿನ ದಿನ ಸೊಂಟದ ಹತ್ತಿರದ ಬೆನ್ನುಮೂಳೆಗೆ ಸ್ಕ್ರೂ, ರಾಡ್ ಹಾಕಿದ್ದರು. ಅರಿವಳಿಕೆ ಕೊಟ್ಟವನು ನಾನು. ಐದು ಗಂಟೆ ಬೋರಲು ಮಲಗಿಸಿದ್ದೆವು, ಹಾಗಾಗಿ ಎದೆ ಧಸಕ್ಕೆಂದಿತು. ಇಂಥ ಆಪರೇಷನ್ ಆದಮೇಲೆ ದೃಷ್ಟಿ ಹೋದರೆ ನಮಗೆ ಮೊದಲು ಹೊಳೆಯೋದು, ಕಣ್ಣಿನ ನರಕ್ಕೆ ರಕ್ತ ಸಾಲದೇ ಹೋಯಿತಾ, ಇಲ್ಲಾ ತಲೆದಿಂಬು ಕಣ್ಣುಗುಡ್ಡೆ ಒತ್ತಿ ರೆಟಿನಾದ ರಕ್ತನಾಳ ಮುಚ್ಚಿತಾ ಅಂತ. ಎರಡರಲ್ಲೂ ಹೋದ ದೃಷ್ಟಿ ವಾಪಸ್ ಬರೋದು ಕಷ್ಟ.

ಟಾರ್ಚ್ ಬಿಟ್ಟೆ. ಪಾಪೆ ಎರಡೂ ಚಕ್ಕನೆ ಕುಗ್ಗಿದವು. ಆದರೆ ಮುಖದ ಹತ್ತಿರ ಕೈ ಬೀಸಿದರೆ ರೆಪ್ಪೆ ಅಲುಗಲಿಲ್ಲ. ಅಂದರೆ ಕಣ್ಣೂ ಸರಿ, ನರವೂ ಸರಿ. ಕೆಟ್ಟಿರೋದು ತಲೆಯ ಹಿಂಭಾಗದಲ್ಲಿ, ಕಂಡದ್ದನ್ನು ಗುರುತು ಹಿಡಿಯೋ ಜಾಗ.

ಬಿಪಿ 196/108. ರಾತ್ರಿಯೇ ಸಿಸ್ಟರ್ ಫೋನ್ ಮಾಡಿದ್ದರು, 170 ದಾಟಿದೆ, ತಲೆನೋವು ಅಂತಿದ್ದಾರೆ ಅಂತ. ಗಾಯದ ನೋವಿಗೆ ಏರಿರುತ್ತೆ ಅಂದುಕೊಂಡು ಒಂದು ಇಂಜೆಕ್ಷನ್ ಹೇಳಿ ಮಲಗಿಬಿಟ್ಟೆ. ಅವರ ದಿನದ ಬಿಪಿ ಮಾತ್ರೆ ಮತ್ತೆ ಶುರುವಾಗಿರಲೇ ಇಲ್ಲ. ಕೇಳಬೇಕಿತ್ತು ಅಲ್ವಾ?

ಎಂಆರ್‌ಐಗೆ ಹೊರಡಿಸುವಷ್ಟರಲ್ಲಿ ಫಿಟ್ಸ್ ಬಂತು. ಅದನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿಸಿದರೆ, ಊತ ತೋರಿಸೋ ಫ್ಲೇರ್ ಚಿತ್ರದಲ್ಲಿ ಮೆದುಳಿನ ಹಿಂಭಾಗ ಎರಡೂ ಬದಿ ಬೆಳ್ಳಗೆ, ಇನ್ನೊಂದು ಬಗೆಯ ಚಿತ್ರವಾದ ಡಿಫ್ಯೂಷನ್‌ನಲ್ಲಿ ಸ್ಟ್ರೋಕಿನ ಗುರುತಿಲ್ಲ. ಪ್ರೆಸ್ (PRES) ಅನ್ನೋ ಮೆದುಳಿನ ಊತ! 1996ರಲ್ಲಿ ವೈದ್ಯರು ಇದನ್ನು ಪ್ರತ್ಯೇಕವಾಗಿ ಗುರುತಿಸಿದರು. ಬಾಣಂತಿಯರಲ್ಲಿ, ಕಿಡ್ನಿ ರೋಗಿಗಳಲ್ಲಿ ನೋಡಿದ್ದೆ, ಬೆನ್ನಿನ ಆಪರೇಷನ್ ಆದವರಲ್ಲಿ ನನಗೆ ಇದೇ ಮೊದಲು. ಬಿಪಿ ಏಕಾಏಕಿ ಏರಿದಾಗ ರಕ್ತನಾಳಗಳಿಂದ ನೀರು ಜಿನುಗಿ ಮೆದುಳು ಊದಿಕೊಳ್ಳುತ್ತೆ, ಹಿಂಭಾಗದ ನಾಳಗಳಿಗೆ ಆ ಒತ್ತಡ ತಡೆಯೋ ಶಕ್ತಿ ಕಮ್ಮಿ.

ಬಿಪಿ ಇಳಿಸೋ ಲ್ಯಾಬೆಟಲಾಲ್ ಡ್ರಿಪ್ ಹಾಕಿದೆವು, ಜೊತೆಗೆ ಫಿಟ್ಸ್ ತಡೆಯೋ ಲೆವೆಟಿರಾಸೆಟಮ್. ಮೊದಲ ಕೆಲವು ಗಂಟೆ ಬಿಪಿಯನ್ನು ಕಾಲುಭಾಗಕ್ಕಿಂತ ಜಾಸ್ತಿ ಇಳಿಸಲಿಲ್ಲ. ಗಾಬರಿಯಲ್ಲಿ ದಡಕ್ಕನೆ ಇಳಿಸಿದರೆ ಮೆದುಳಿಗೆ ರಕ್ತವೇ ಸಾಲದು. ಡ್ರಿಪ್ಪನ್ನು ನಾನೇ ಪಕ್ಕದಲ್ಲಿ ಕೂತು ಏರಿಸ್ತಾ ಇಳಿಸ್ತಾ ಇದ್ದೆ, ಸಿಸ್ಟರ್‌ಗೆ ಬಿಟ್ಟು ಹೋಗೋ ಮುಖ ಇರಲಿಲ್ಲ.

“ಅಮ್ಮಂಗೆ ಕಣ್ಣು ಬರುತ್ತಾ ಸಾರ್?” ಅಂದ ಮಗ. ಬಹಳಷ್ಟು ಜನರಿಗೆ ಬರುತ್ತೆ ಅಂದೆ, ಗ್ಯಾರಂಟಿ ಕೊಡಲಿಲ್ಲ.

ಮಾರನೇ ದಿನ ಬೆಳಕು, ನೆರಳು ಗೊತ್ತಾಯಿತು. ಮೂರನೇ ದಿನ ಬೆರಳು ಎಣಿಸಿದರು. ನಾಲ್ಕನೇ ದಿನ ರೌಂಡ್ಸಿಗೆ ಹೋದರೆ ನನ್ನನ್ನೇ ಒಂದು ಗಳಿಗೆ ದಿಟ್ಟಿಸಿ, “ಏನ್ ಡಾಕ್ಟ್ರೇ, ಗಡ್ಡ ಕೂಡ ತೆಗೆದಿಲ್ವಲ್ಲ” ಅಂದರು.