ಆಫೀಸಿಗೆ ರೂಟರ್ ಕೊಳ್ಳುವ ಮುನ್ನ

ಆಫೀಸು ದೊಡ್ಡದಾಗುತ್ತಿದ್ದರೆ, ರೂಟರ್ ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡಿ ಸುಮ್ನೆ ಕೊಳ್ಳಬೇಡಿ. ಫೈರ್‌ವಾಲ್ (ಹೊರಗಿನಿಂದ ಬರುವ ಬೇಡದ ಸಂಪರ್ಕ ತಡೆಯುವ ವ್ಯವಸ್ಥೆ), ವಿಪಿಎನ್ (ಇಂಟರ್ನೆಟ್ ಮೇಲಿನ ಗೂಢ ಸಂಪರ್ಕ) ಆನ್ ಮಾಡಿದ ಮೇಲೆ ಎಷ್ಟು ವೇಗ ಸಿಗುತ್ತದೆ ಎಂಬುದೇ ಮುಖ್ಯ. ಡೇಟಾಶೀಟಿನಲ್ಲಿ (ಕಂಪನಿ ಕೊಡುವ ತಾಂತ್ರಿಕ ವಿವರಪತ್ರ) ಐಪಿಸೆಕ್ (ವಿಪಿಎನ್‌ಗೆ ಬಳಸುವ ಗೂಢಲಿಪಿ ವಿಧಾನ) ಮತ್ತು ಐಪಿಎಸ್ (ದಾಳಿ ಗುರುತಿಸಿ ತಡೆಯುವ ವ್ಯವಸ್ಥೆ) ಥ್ರೂಪುಟ್, ಅಂದರೆ ನಿಜಕ್ಕೂ ಸಿಗುವ ವೇಗ, ಸಾಮಾನ್ಯವಾಗಿ ಬೇರೆ ಬೇರೆ ಕೊಟ್ಟಿರುತ್ತಾರೆ. ಮೊದಲ ಪುಟದ ಅಂಕಿಗಿಂತ ಅದು ಬಹಳ ಕಡಿಮೆ ಇರಬಹುದು. ಎಷ್ಟು ದೊಡ್ಡ ಪ್ಯಾಕೆಟ್‌ಗಳಲ್ಲಿ (ಡೇಟಾ ಸಾಗುವ ತುಣುಕುಗಳು) ಪರೀಕ್ಷಿಸಿದ್ದಾರೆ ಅಂತಲೂ ನೋಡಿ. 1518 ಬೈಟ್‌ನಂಥ ದೊಡ್ಡ ಪ್ಯಾಕೆಟ್‌ನಲ್ಲಿ ಎಲ್ಲ ರೂಟರೂ ಹುಲಿಯೇ! ಇಂಟರ್ನೆಟ್ ಫೋನ್ ಕರೆಗಳದು ಸಣ್ಣ ಪ್ಯಾಕೆಟ್, ಅಲ್ಲೇ ಏದುಸಿರು ಬರುವುದು.

ಎರಡು ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಲೈನ್ ಜೋಡಿಸುವ ಕಿಂಡಿ) ಇರಲಿ. ಎರಡು ಬೇರೆ ಕಂಪನಿಗಳ ಲೈನ್ ಹಾಕಿಸಿ, ಒಂದು ಹೋದರೆ ಇನ್ನೊಂದು. ರಸ್ತೆ ಅಗೆದಾಗ ಕೇಬಲ್ ಕತ್ತರಿಸುವುದು ನಮ್ಮಲ್ಲಿ ಹೊಸದೇನಲ್ಲ, ಅಲ್ವಾ? ಮುಂದೆ 1 ಗಿಗಾಬಿಟ್ ದಾಟುವಂತಿದ್ದರೆ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಪೋರ್ಟ್ (ಫೈಬರ್ ಮೊದಲಾದ ವೇಗದ ಕೇಬಲ್ ಜೋಡಿಸುವ ಕಿಂಡಿ) ಇದ್ದರೆ ಒಳ್ಳೆಯದು. ವರ್ಷ ವರ್ಷದ ಲೈಸೆನ್ಸ್ ಖರ್ಚನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.