ಮಾಲೆ ತೆಗೆದ ಮೇಲೂ ಹೊಗೆಸೊಪ್ಪು ಬಿಟ್ಟೇ ಇರಲು

ವೃಶ್ಚಿಕ ಸಂಕ್ರಮಣಕ್ಕೆ ಮಾಲೆ ಹಾಕಿ, 41 ದಿನ ಹೊಗೆಸೊಪ್ಪು ಮುಟ್ಟದೆ, ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಎಲೆತಟ್ಟೆ ಎಳೆದುಕೊಂಡು ಕೂರುವವರು ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಪ್ರತಿ ಊರಲ್ಲೂ ಇದ್ದಾರೆ. ಅವರ ಭಕ್ತಿಯಲ್ಲಿ ಕೊರತೆ ಏನೂ ಇಲ್ಲ. 42ನೇ ದಿನಕ್ಕೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರುವುದಿಲ್ಲ, ಸೋಲುವುದು ಅಲ್ಲಿ.

ಮಾಲೆ ಹಾಕುವ ಎರಡು ವಾರ ಮೊದಲು, ಅಂದರೆ ನವೆಂಬರ್ ಆರಂಭದಲ್ಲಿ, ಎಲೆತಟ್ಟೆಯೊಳಗೆ ಒಂದು ಚೀಟಿ ಇಡಿ. ಪ್ರತಿ ಸಲ ಎಲೆ ತಿನ್ನುವಾಗ ಗಂಟೆ ಎಷ್ಟು, ಎಲ್ಲಿ ಕೂತಿದ್ದೀರಿ ಎಂದು ಬರೆಯಿರಿ. ವಾರದೊಳಗೆ ಲೆಕ್ಕ ಕಣ್ಣಿಗೆ ಕಾಣುತ್ತದೆ: ಬೆಳಗ್ಗೆ ಹೊಟ್ಟೆ ಖಾಲಿಯಾಗಲಿಕ್ಕೆ ಒಂದು, ಚಾ ಕುಡಿದ ಮೇಲೆ ಒಂದು, ಅಡಿಕೆ ಸುಲಿಯಲು ಕೂತಾಗ ಮೂರು, ಉಂಡೆದ್ದ ಮೇಲೆ ಒಂದು. ಬಿಡಬೇಕಾದದ್ದು ಹೊಗೆಸೊಪ್ಪಾದರೂ ಬದಲಿಸಬೇಕಾದದ್ದು ಈ ಹೊತ್ತುಗಳನ್ನು.

ಮಾಲೆ ಹಾಕುವ ದಿನವೇ ಬಿಡಬೇಡಿ, ನಾಲ್ಕು ದಿನ ಮುಂಚೆ ಬಿಡಿ. ನಿಕೋಟಿನ್ ನಿಂತ ಎರಡು, ಮೂರನೇ ದಿನ ಸಿಟ್ಟು, ತಲೆನೋವು, ಚಡಪಡಿಕೆ ಎಲ್ಲ ಹೆಚ್ಚು. ಅದೇ ಹೊತ್ತಿಗೆ ಮುಂಜಾವದ ತಣ್ಣೀರ ಸ್ನಾನ, ಒಪ್ಪೊತ್ತು ಊಟ ಸೇರಿದರೆ, ಸಿಟ್ಟು ಮಾಡಬಾರದ ವ್ರತದಲ್ಲಿ ಮನೆಯವರ ಮೇಲೆ ಹರಿಹಾಯುತ್ತೀರಿ, ಆಮೇಲೆ ‘ನನ್ನಿಂದ ಆಗದು’ ಅನ್ನಿಸುತ್ತದೆ. ಕಷ್ಟದ ದಿನ ಕಳೆದ ಮೇಲೆ ಮಾಲೆ ಬೀಳಲಿ. ವರ್ಷಗಟ್ಟಲೆ ತಿಂದವರಿಗೆ ಮೊದಲ ವಾರ ಮಲಬದ್ಧತೆ ಬರಬಹುದು, ಮತ್ತೆ ಶುರುಮಾಡಲು ಇದೂ ಒಂದು ಕಾರಣ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಊಟಕ್ಕೆ ಸೊಪ್ಪಿನ ಪಲ್ಯ, ಮಲಗುವ ಮೊದಲು ಬಾಳೆಹಣ್ಣು. ನಿಧಾನಕ್ಕೆ ಹೆಚ್ಚಿನವರಿಗೆ ಸರಿಹೋಗುತ್ತದೆ.

ಆಸೆ ಎದ್ದರೆ ಅದರ ಜೋರು ಐದು, ಹೆಚ್ಚೆಂದರೆ ಹತ್ತು ನಿಮಿಷ. ಕೊರಳ ಮಾಲೆ ಆಗ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕೂತಲ್ಲಿಂದ ಎದ್ದು, ಒಂದೊಂದು ಮಣಿ ಬೆರಳಲ್ಲಿ ಹಿಡಿದು ‘ಸ್ವಾಮಿಯೇ ಶರಣಂ ಅಯ್ಯಪ್ಪ’ ಎಂದು 108 ಸಲ ಹೇಳಿ. ಒಂದಕ್ಕೆ ಮೂರು ಸೆಕೆಂಡ್ ಹಿಡಿದರೂ ಐದು ನಿಮಿಷ ದಾಟುತ್ತದೆ, ಅಷ್ಟರಲ್ಲಿ ಆಸೆ ಇಳಿದಿರುತ್ತದೆ. ಅವಸರದಲ್ಲಿ ಗೊಣಗಿದರೆ ಫಲವಿಲ್ಲ, ಉಸಿರು ನಿಧಾನವಾಗಬೇಕು. ಬಾಯಿಗೆ ಲವಂಗ, ಒಣಗಿಸಿದ ನೆಲ್ಲಿಕಾಯಿ ಚೂರು, ಜೀರಿಗೆ ಸಾಕು.

ಹೊಗೆಸೊಪ್ಪಿನ ಬದಲು ಬರೀ ಅಡಿಕೆ ಜಗಿಯುವುದು ಬೇಡ. ಅಡಿಕೆಯೇ ಅನ್ನ ಕೊಡುವ ಊರಲ್ಲಿ ಈ ಮಾತು ಕಹಿ ಎಂದು ಗೊತ್ತು. ಆದರೆ ಅಡಿಕೆ ಜಗಿಯುವುದೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ಬಾಯಿ ಬಿಗಿದು ತೆರೆಯದಂತೆ ಮಾಡುವುದೂ ಅದೇ. ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ, ಅಥವಾ ಕೆನ್ನೆಯ ಒಳಗೆ ಬಿಳಿ, ಕೆಂಪು ಕಲೆ ಇದ್ದರೆ, ವ್ರತ ಮುಗಿಯಲೆಂದು ಕಾಯದೆ ದಂತವೈದ್ಯರಿಗೆ ತೋರಿಸಿ.

ತುಂಬ ತಿನ್ನುವವರು ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಬಳಸಬಹುದು. ಸಾಮಾನ್ಯ ಬಬಲ್‌ಗಮ್ಮಿನ ಹಾಗೆ ಜಗಿದರೆ ರಸ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಓಕರಿಕೆ. ನಾಲ್ಕಾರು ಸಲ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಸಂದಿಗೆ ಇಡಿ, ಚುರುಕು ಇಳಿದ ಮೇಲೆ ಮತ್ತೆ ಜಗಿಯಿರಿ. ಚಾ, ಕಾಫಿ ಕುಡಿದು 15 ನಿಮಿಷ ಕಳೆದಿರಬೇಕು. ಉಚಿತ ಸಲಹೆಗೆ 1800-11-2356.

ಕುಡಿತ ಬಿಡಲು ಮಾಲೆ ಹಾಕುವವರಿಗೆ ಒಂದು ಎಚ್ಚರಿಕೆ. ದಿನವೂ ಕುಡಿಯುವವರು, ಅದರಲ್ಲೂ ಬೆಳಗ್ಗೆ ಕೈ ನಡುಗುವವರು, ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಅಪಸ್ಮಾರ, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಮೊದಲು ಆಸ್ಪತ್ರೆ, ಆಮೇಲೆ ಮಾಲೆ ಹಾಕಿಸುವ ಗುರುಸ್ವಾಮಿ. ಕುಡಿತ, ಮಾದಕ ವ್ಯಸನ ಬಿಡಿಸುವ ಕೇರಳದ ವಿಮುಕ್ತಿ ಯೋಜನೆಯ ಸಹಾಯವಾಣಿ 14405.

ರಂಜಾನ್ ನೋಂಬಿನಲ್ಲಿ ಬಿಡುವವರಿಗೂ ಕ್ರಮ ಇದೇ. ಅಲ್ಲಿ ಗಂಡಾಂತರ ಇರುವುದು ನೋಂಬು ಬಿಟ್ಟು ಖರ್ಜೂರ ತಿಂದ ಬೆನ್ನಿಗೇ ಹಚ್ಚುವ ಬೀಡಿಯಲ್ಲಿ. ಆ ಹತ್ತು ನಿಮಿಷ ಮಸೀದಿಯಿಂದ ಹೊರಗೆ ಬರಬೇಡಿ.

ನಡುವೆ ಒಂದು ದಿನ ತಪ್ಪಿ ತಿಂದರೆ ‘ವ್ರತ ಕೆಟ್ಟಿತು, ಇನ್ನೇನು’ ಎಂದು ಇಡೀ ಪೊಟ್ಟಣ ಮುಗಿಸುವುದೇ ದೊಡ್ಡ ತಪ್ಪು. ಗುರುಸ್ವಾಮಿಯ ಹತ್ತಿರ ಅದೇ ದಿನ ಹೇಳಿಬಿಡಿ. ಮುಚ್ಚಿಟ್ಟದ್ದು ಮರುದಿನ ಮತ್ತೊಂದು ಎಲೆಗೆ ಎಳೆಯುತ್ತದೆ.

ಇನ್ನು ಮಾಲೆ ತೆಗೆಯುವ ದಿನ. ತೆಗೆಯುವ ಮೊದಲೇ ದೇವರ ಎದುರು ಮುಂದಿನ ಸಂಕ್ರಮಣದವರೆಗೆ (ಅದು ತಿಂಗಳಿಗೊಮ್ಮೆ ಬರುತ್ತದೆ) ಎಂದು ಹೊಸ ಸಂಕಲ್ಪ ಮಾಡಿ. ‘ಸಾಯುವವರೆಗೆ’ ಎಂದು ಆಣೆ ಹಾಕಬೇಡಿ, ಭಾರಕ್ಕೆ ಅದೇ ಮುರಿಯುತ್ತದೆ. ಸುಣ್ಣದ ಡಬ್ಬಿ, ಅಡಕತ್ತರಿ ಜಗಲಿಯಿಂದ ಹೋಗಲಿ. ಶನಿವಾರದ ಭಜನೆಗೆ ಮೊದಲಿನಂತೆಯೇ ಮಂದಿರಕ್ಕೆ ಹೋಗಿ, ತಾಳ ಹಿಡಿದ ಕೈ ತಟ್ಟೆಗೆ ಹೋಗದು. ಮದುವೆ ಮನೆಯಲ್ಲಿ ‘ಒಂದು ಎಲೆ ತಿನ್ನಿ’ ಎಂದು ತಟ್ಟೆ ಮುಂದೆ ಹಿಡಿದಾಗ ಬೇಡ ಎಂದರೆ ಮರ್ಯಾದೆಯ ಪ್ರಶ್ನೆ ಏಳುತ್ತದೆ. ಎಲೆ, ಅಡಿಕೆ ಎರಡನ್ನೂ ಎತ್ತಿ ಕಣ್ಣಿಗೊತ್ತಿ ಕಿಸೆಗೆ ಹಾಕಿಕೊಳ್ಳಿ, ಕೊಟ್ಟವರಿಗೂ ಸಂತೋಷ. ಯಕ್ಷಗಾನ ಆಟಕ್ಕೋ ಭೂತಕೋಲಕ್ಕೋ ರಾತ್ರಿಯಿಡೀ ಕೂರುವುದಾದರೆ ಲವಂಗದ ಪೊಟ್ಟಣ ಜೊತೆಗಿರಲಿ. ಅಲ್ಲಿ ಜಾರಿದರೆ ಮುಂದಿನ ವೃಶ್ಚಿಕದವರೆಗೆ ಕಾಯಬೇಡಿ, ಆ ಬೆಳಗ್ಗೆಯೇ ಮಿಂದು ಮುಂದಿನ ಸಂಕ್ರಮಣದವರೆಗೆ ಮತ್ತೆ ಸಂಕಲ್ಪ ಮಾಡಿ.