ಸ್ಕೂಲ್ ಪ್ರಾಜೆಕ್ಟ್‌ಗೆ ಕಾರ್ಡಲ್ಲಿ ನೋಟ್ಸ್ ಮಾಡ್ಕೊಳ್ಳೋದು ಹೇಗೆ

ನಮ್ಮಕ್ಕನ ಮಗಳು ಒಂಬತ್ತನೇ ಕ್ಲಾಸು, ಕನ್ನಂಬಾಡಿ ಕಟ್ಟೆ ಬಗ್ಗೆ ಪ್ರಾಜೆಕ್ಟ್ ಬರೀಬೇಕಿತ್ತು. ಮೂರು ಪುಸ್ತಕ ಓದಿ ಒಂದು ಲಾಂಗ್ ನೋಟ್‌ಬುಕ್ಕಲ್ಲಿ ಹದಿನೆಂಟು ಪುಟ ನೋಟ್ಸ್ ತುಂಬಿಸಿದ್ಲು, ಆಮೇಲೆ "ಚಿಕ್ಕಮ್ಮಾ, ಇದ್ರಲ್ಲಿ ಯಾವ್ದು ಯಾವ ಪುಸ್ತಕದ್ದು ಅಂತಾನೇ ಗೊತ್ತಾಗ್ತಿಲ್ಲ" ಅಂತ ತಲೆ ಮೇಲೆ ಕೈ ಇಟ್ಕೊಂಡು ಕೂತ್ಲು. ಎಲ್ಲಾ ಬಿಟ್ಟು ಕಾರ್ಡ್‌ನಲ್ಲಿ ಮತ್ತೆ ಶುರು ಮಾಡಿಸ್ದೆ.

ಕಾರ್ಡ್ ಅಂದ್ರೆ ಹಳೇ ಲೈಬ್ರರಿಗಳಲ್ಲಿ ಮರದ ಡ್ರಾಯರ್ ಎಳೆದ್ರೆ ಸಾಲಾಗಿ ಇರ್ತಿತ್ತಲ್ಲ, ಅದೇ ಸೈಜು, ಹೆಚ್ಚೂ ಕಮ್ಮಿ 3 ಇಂಚು 5 ಇಂಚು. ದುಡ್ಡು ಕೊಟ್ಟು ತರ್ಲೇಬೇಕು ಅಂತೇನಿಲ್ಲ, ಒಂದು ಬಿಳಿ ಚಾರ್ಟ್ ಶೀಟ್ ಕತ್ತರಿಸಿದ್ರೆ 30ರ ಮೇಲೇನೇ ಸಿಗತ್ತೆ. ಹಳೇ ಲಗ್ನಪತ್ರಿಕೆ ಹಿಂಭಾಗಾನೂ ಆಗತ್ತೆ, ಆದ್ರೆ ನುಣುಪಾಗಿರೋದಾದ್ರೆ ಜೆಲ್ ಪೆನ್ ಹರಡಿ ಕೈಗೆಲ್ಲ ಮೆತ್ಕೊಳ್ಳುತ್ತೆ, ಬಾಲ್ ಪೆನ್ನೇ ವಾಸಿ.

ಮೊದಲು ಪುಸ್ತಕದ ಕಾರ್ಡ್. ಪುಸ್ತಕ ಕೈಗೆ ಬಂದ ತಕ್ಷಣ, ಇನ್ನೂ ಒಂದು ಸಾಲೂ ಓದೋಕ್ ಮುಂಚೆ, ಹೆಸರು, ಬರ್ದೋರು, ಪ್ರಕಾಶನ, ವರ್ಷ ಬರ್ದು ಅದಕ್ಕೊಂದು ನಂಬರ್ ಕೊಡಿ, 1, 2, 3 ಅಂತ. ಆಮೇಲೆ ಬರ್ಕೊಳ್ಳೋಣ ಅಂದ್ರೆ ಆಗಲ್ಲ, ಅಷ್ಟೊತ್ತಿಗೆ ಪುಸ್ತಕ ಲೈಬ್ರರಿಗೆ ವಾಪಸ್ ಹೋಗಿರತ್ತೆ.

ಆಮೇಲೆ ವಿಷಯದ ಕಾರ್ಡ್. ಎಡಗಡೆ ಮೇಲೆ ಒಂದೆರಡು ಪದದ ತಲೆಬರಹ, ಬಲಗಡೆ ಮೂಲೇಲಿ ಪುಸ್ತಕದ ನಂಬರ್ರೂ ಪುಟಾನೂ, ಉದಾಹರಣೆಗೆ "2, ಪುಟ 47". ಈ ಮೂಲೆ ತುಂಬಿಸಿ ಆದ್ಮೇಲೇನೇ ಕೆಳಗೆ ಬರೀಬೇಕು. ಒಂದು ಕಾರ್ಡಿಗೆ ಒಂದೇ ವಿಷಯ, ಇದ್ರಲ್ಲಿ ಮಾತ್ರ ನಾನು ಸ್ವಲ್ಪ ಸ್ಟ್ರಿಕ್ಟು. "ಸುರ್ಕಿ: ಕಟ್ಟೆ ಕಟ್ಟಿದ್ದು ಸಿಮೆಂಟಿಂದ ಅಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಗಾರೆಯಿಂದ", ಅಷ್ಟೇ, ಕಾರ್ಡ್ ಮುಗೀತು. ಕೆಳಗೆ ಜಾಗ ಖಾಲಿ ಇದೆ ಅಂತ ಕನ್ನಂಬಾಡಿ ಊರು ಮುಳುಗಿದ್ದನ್ನೂ ಅಲ್ಲೇ ತುರುಕಿದ್ರೆ ಆಮೇಲೆ ಆ ಕಾರ್ಡನ್ನ ಯಾವ ಗುಂಪಲ್ಲಿ ಇಡೋದು ಹೇಳಿ?

ಪುಸ್ತಕದಲ್ಲಿರೋದನ್ನ ಹಂಗೇ ಇಳಿಸ್ಬೇಡಿ. ಓದಿ, ಪುಸ್ತಕ ಮುಚ್ಚಿ, ಅಮ್ಮಂಗೆ ಹೇಳೋ ತರ ಬರೀರಿ. ಎಲ್ಲೋ ಒಂದು ಕಡೆ ಮಾತು ಹಾಗೇ ಬೇಕು ಅನ್ಸಿದ್ರೆ ದೊಡ್ಡದಾಗಿ ಉದ್ಧರಣ ಚಿಹ್ನೆ ಹಾಕ್ಬಿಡಿ, ಇಲ್ಲಾಂದ್ರೆ ಎರಡು ವಾರ ಆದ್ಮೇಲೆ ಅದು ನಿಮ್ಮ ವಾಕ್ಯಾನೋ ಪುಸ್ತಕದ್ದೋ ನಿಮಗೇ ನೆನಪಿರಲ್ಲ. ನಿಮಗೇ ಹೊಳೆದ ಪ್ರಶ್ನೆಗೆ ಬೇರೆ ಕಾರ್ಡ್, ಮೂಲೇಲಿ "ನಂದು" ಅಂತ.

ಎರಡು ಪುಸ್ತಕ ಎರಡು ತರ ಹೇಳಿದ್ರೆ ಒಂದನ್ನ ಹರಿದು ಬಿಸಾಕ್ಬೇಡಿ, ಎರಡನ್ನೂ ಕ್ಲಿಪ್ ಹಾಕಿ ಇಡಿ. ನಮ್ ಹುಡುಗಿ ಒಂದು ಕಾರ್ಡಲ್ಲಿ 130 ಅಡಿ, ಇನ್ನೊಂದ್ರಲ್ಲಿ 124.8 ಅಡಿ ಅಂತ ಬರ್ಕೊಂಡಿದ್ಲು, ಯಾರೋ ಸುಳ್ಳು ಬರ್ದಿದಾರೆ ಅಂತ ಅವಳ ವಾದ. ನೋಡಿದ್ರೆ ಮೊದಲನೇದು ಕಟ್ಟೆ ಎತ್ತರ, ಎರಡನೇದು ನೀರು ತುಂಬೋ ಮಟ್ಟ, ಮಳೆಗಾಲದಲ್ಲಿ ದಿನಾ ಪೇಪರಲ್ಲಿ ಬರತ್ತಲ್ಲ ಅದು.

ಇನ್ನು ಕಾರ್ಡಿನ ನಿಜವಾದ ಮಜಾ. 40 ಕಾರ್ಡ್ ಆದ್ಮೇಲೆ ಫ್ಯಾನ್ ಆಫ್ ಮಾಡಿ (ನಾವು ಮಾಡ್ಲಿಲ್ಲ, ಅನುಭವಿಸಿದ್ವಿ) ನೆಲದ ಮೇಲೆ ಹರಡ್ಕೊಳ್ಳಿ. ಮೊದಲು ತಲೆಬರಹ ನೋಡಿ ಗುಂಪು ಮಾಡಿದ್ವಿ, ಆಮೇಲೆ ಸುಮ್ನೆ ಇಸವಿ ಪ್ರಕಾರ ಸಾಲಾಗಿ ಇಟ್ವಿ. 1909ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿಗೆ ಚೀಫ್ ಎಂಜಿನಿಯರ್, 1911ರಲ್ಲಿ ಕಟ್ಟೆ ಕೆಲಸ ಶುರು, 1912ರಲ್ಲಿ ದಿವಾನರು, 1918ರಲ್ಲಿ ದಿವಾನಗಿರಿ ಬಿಟ್ರು. ಆಮೇಲಿನ ಕಾರ್ಡ್ ಸೀದಾ 1930ರ ದಶಕ, ಕೆಲಸ ಮುಗಿದಿದ್ದು. ಮಧ್ಯೆ ದೊಡ್ಡ ಖಾಲಿ! "ಹಂಗಾದ್ರೆ ಮುಗಿಸಿದ್ದು ಯಾರು ಚಿಕ್ಕಮ್ಮ?" ಅಂದ್ಲು. ನೋಟ್‌ಬುಕ್ಕಿನ ಹದಿನೆಂಟು ಪುಟದಲ್ಲೂ ಈ ಪ್ರಶ್ನೆ ಬಂದಿರ್ಲಿಲ್ಲ. ವಾಪಸ್ ಲೈಬ್ರರಿಗೆ ಹೋಗಿ 1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರದ್ದು, ಬೃಂದಾವನದ್ದು, ಅಷ್ಟೂ ವರ್ಷ ಮಹಾರಾಜರಾಗಿದ್ದ ನಾಲ್ವಡಿಯವರದ್ದು ಅಂತ ಇನ್ನೂ ಒಂಬತ್ತು ಕಾರ್ಡ್ ಬರ್ಕೊಂಡು ಬಂದ್ಲು, ಪ್ರಾಜೆಕ್ಟಿನ ಅರ್ಧ ಅದೇ ಆಯ್ತು.

ಬರೆಯೋವಾಗ ಒಂದೊಂದೇ ಗುಂಪು ಕೈಗೆ ತಗೊಳ್ಳಿ, ಒಂದು ಗುಂಪು ಒಂದು ಪ್ಯಾರಾ ಅಂದ್ಕೊಳ್ಳಿ. ಎಲ್ಲೂ ಕೂರದ ಕಾರ್ಡ್ ಉಳಿದೇ ಉಳಿಯತ್ತೆ, ಹೊಟ್ಟೆ ಉರಿದ್ರೂ ಬಿಟ್ಬಿಡಿ. ಪುಸ್ತಕದ ಕಾರ್ಡ್‌ಗಳನ್ನ ಕೊನೇಲಿ ಅಕ್ಷರದ ಪ್ರಕಾರ ಜೋಡಿಸಿ ನಕಲು ಮಾಡಿದ್ರೆ ಗ್ರಂಥಋಣ ರೆಡಿ.

ಕಾರ್ಡಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಸ್ವೀಟ್ ಬಾಕ್ಸಲ್ಲಿ ಇಟ್ಟಿರಿ, ಮಾರ್ಕ್ಸ್ ಬರೋವರ್ಗೂ ಎಸೀಬೇಡಿ. "ಇದೆಲ್ಲಿ ಸಿಕ್ತಮ್ಮ ನಿಂಗೆ?" ಅಂತ ಮೇಷ್ಟ್ರು ಕೇಳಿದಾಗ ನಮ್ ಹುಡುಗಿ ಕಾರ್ಡ್ ತೆಗೆದು ಪುಟದ ನಂಬರ್ ಸಮೇತ ಹೇಳಿದ್ಲಂತೆ.